ನಮಗೆ ಬೇಕಿರುವುದು ಮುಂದಿನ ಪಂದ್ಯ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಪಾಯಿಂಟ್ ಎಂದರೆ ಒಂದು ಫ್ರೀ ಥ್ರೋ. ಯಾರೂ ಅಡ್ಡ ಬರುವುದಿಲ್ಲ. ಗೆರೆಯ ಹಿಂದೆ ನಿಂತು, ಒಮ್ಮೆ ಉಸಿರೆಳೆದುಕೊಂಡು ಚೆಂಡು ಎಸೆಯಬೇಕು, ಅಷ್ಟೇ. ಅದು ರಿಂಗಿಗೆ ತಾಗಿ ಒಳಗೆ ಬಿದ್ದರೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಭಿನಂದನೆ. ಅದೇ ರಿಂಗಿಗೆ ತಾಗಿ ಹೊರಗೆ ಬಿದ್ದರೆ ವಾಪಸು ಬರುವ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ.

ಇಷ್ಟು ಸಣ್ಣ ಅಂತರದ ಮೇಲೆ ಒಂದು ತಂಡದ ಇಡೀ ವರ್ಷವನ್ನು ನಿಲ್ಲಿಸುವುದು ಸರಿಯೇ? ಸರಿಯಲ್ಲ ಎಂದು ಎಲ್ಲರೂ ಹೇಳುತ್ತೇವೆ. ಆದರೆ ನಮ್ಮ ಕಾಲೇಜು ಟೂರ್ನಿಗಳು ಮಾಡುತ್ತಿರುವುದು ಅದನ್ನೇ. ಕೆಲಸಕ್ಕಾಗಿ ನಾವು ಬರೆಯುವ ಎಷ್ಟೋ ಪರೀಕ್ಷೆಗಳೂ ಮಾಡುತ್ತಿರುವುದು ಅದನ್ನೇ. ಕೂದಲೆಳೆಯ ಅಂತರದಲ್ಲಿ ಗೆದ್ದವರನ್ನು ಹೆಗಲ ಮೇಲೆ ಹೊರುತ್ತೇವೆ, ಅದೇ ಅಂತರದಲ್ಲಿ ಸೋತವರನ್ನು ಮರೆಯುತ್ತೇವೆ. ಇಬ್ಬರ ನಡುವೆ ನಿಜವಾಗಿ ಎಷ್ಟು ವ್ಯತ್ಯಾಸವಿತ್ತು ಎಂದು ತಿಳಿಯಬೇಕಾದರೆ ಅವರು ಮತ್ತೆ ಆಡಬೇಕು. ಆ ‘ಮತ್ತೆ’ ಎಂಬುದೇ ನಮ್ಮಲ್ಲಿಲ್ಲ. ಇದನ್ನು ಅಮೆರಿಕದ ಒಂದು ಕಾಲೇಜು ತಂಡದ ಕಥೆಯಿಂದ ವಿವರಿಸುತ್ತೇನೆ. ಅದೊಂದು ರೋಚಕ ಗೆಲುವಿನ ಕಥೆ. ಆದರೆ ಗೆಲುವಿಗಿಂತ ಅದರ ನಂತರ ಏನಾಯಿತು ಎಂಬುದೇ ಹೆಚ್ಚು ಉಪಯುಕ್ತ.

ಹಿಂಕಲ್ ಅಂಗಳದಲ್ಲಿ 64–63

2013ರ ಜನವರಿ 19, ಶನಿವಾರ. ಇಂಡಿಯಾನಾಪೊಲಿಸ್ ನಗರದ ಬಟ್ಲರ್ ವಿಶ್ವವಿದ್ಯಾಲಯ. ಅಲ್ಲಿನ ಲೆಕ್ಕದಲ್ಲಿ ಇದು ಸಣ್ಣ ಸಂಸ್ಥೆ. ಆದರೆ ಇಂಡಿಯಾನಾ ರಾಜ್ಯದಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದಂತೆ. ಬಟ್ಲರ್‌ನ ಕ್ರೀಡಾಂಗಣ ಹಿಂಕಲ್ ಫೀಲ್ಡ್‌ಹೌಸ್ 1928ರಲ್ಲಿ ಕಟ್ಟಿದ್ದು. ‘ಹೂಸಿಯರ್ಸ್’ ಸಿನಿಮಾದ ಕೊನೆಯ ಪಂದ್ಯವನ್ನು ಚಿತ್ರೀಕರಿಸಿದ್ದು ಇಲ್ಲಿಯೇ.

ಅಂದು ಎದುರಾಳಿ ವಾಷಿಂಗ್ಟನ್ ರಾಜ್ಯದ ಗೊಂಜಾಗ ವಿಶ್ವವಿದ್ಯಾಲಯ. ತಮಾಷೆಯೆಂದರೆ ಎರಡೂ ತಂಡಗಳ ಅಡ್ಡಹೆಸರು ‘ಬುಲ್‌ಡಾಗ್ಸ್’. ರಾಷ್ಟ್ರಮಟ್ಟದ ರ‍್ಯಾಂಕಿಂಗ್‌ನಲ್ಲಿ ಗೊಂಜಾಗ 8ನೇ ಸ್ಥಾನದಲ್ಲಿತ್ತು, ಬಟ್ಲರ್ 13ರಲ್ಲಿ. ಬಟ್ಲರ್‌ಗೆ ಇನ್ನೊಂದು ತೊಂದರೆಯೂ ಇತ್ತು. ಒಂದು ವಾರದ ಹಿಂದೆ ಡೇಟನ್ ತಂಡದ ವಿರುದ್ಧ ಆಡುವಾಗ ಅದರ ಪ್ರಮುಖ ಸ್ಕೋರರ್ ರಾಟ್ನಿ ಕ್ಲಾರ್ಕ್ ಬುಟ್ಟಿಯ ಕೆಳಗಿನ ಕಂಬದ ಮೆತ್ತೆಗೆ ಡಿಕ್ಕಿ ಹೊಡೆದು ಕುತ್ತಿಗೆಗೆ ಪೆಟ್ಟು ಮಾಡಿಕೊಂಡಿದ್ದ. ಅವನಿಲ್ಲದೆಯೇ ಆಡಬೇಕಿತ್ತು.

ಪಂದ್ಯದ ಕೊನೆಯ ಕ್ಷಣಗಳಲ್ಲಿ ಗೊಂಜಾಗ 63–62ರಿಂದ ಮುಂದಿತ್ತು. ಚೆಂಡು ಬಟ್ಲರ್‌ನ ಅಲೆಕ್ಸ್ ಬಾರ್ಲೋ ಕೈಯಲ್ಲಿತ್ತು. ಅವನು ಬುಟ್ಟಿಯತ್ತ ನುಗ್ಗುವಾಗ ಟ್ರಾವೆಲಿಂಗ್ ಎಂದು ರೆಫರಿ ಸೀಟಿ ಊದಿದರು. ಚೆಂಡು ಗೊಂಜಾಗದ ಪಾಲಾಯಿತು. ಉಳಿದಿದ್ದು ಬೆರಳೆಣಿಕೆಯ ಸೆಕೆಂಡುಗಳು. ಗೊಂಜಾಗ ಮಾಡಬೇಕಿದ್ದುದು ಗೆರೆಯ ಹೊರಗಿನಿಂದ ಚೆಂಡನ್ನು ಒಳಗೆ ಪಾಸ್ ಮಾಡಿ ಹಿಡಿದುಕೊಳ್ಳುವುದಷ್ಟೇ. ಆ ಪಾಸನ್ನು ಬಟ್ಲರ್‌ನ ರೂಸ್ವೆಲ್ಟ್ ಜೋನ್ಸ್ ನಡುವೆಯೇ ಕಸಿದ. ಓಡುತ್ತಲೇ ಎಸೆದ. ಬಜರ್ ಕೂಗಿತು, ಚೆಂಡು ಬುಟ್ಟಿಯೊಳಗಿತ್ತು. 64–63.

ವಿದ್ಯಾರ್ಥಿಗಳು ಅಂಗಳಕ್ಕೆ ನುಗ್ಗಿದರು. ಆದರೆ 36 ವರ್ಷದ ಕೋಚ್ ಬ್ರಾಡ್ ಸ್ಟೀವನ್ಸ್ ಕುಣಿಯಲಿಲ್ಲ, ಕೈ ಎತ್ತಲಿಲ್ಲ. ಎದುರು ತಂಡದ ಕೋಚ್‌ಗೆ ಕೈ ಕುಲುಕಲು ನೆಟ್ಟಗೆ ನಡೆದುಹೋದರು. ಆ ದೃಶ್ಯ ಆಟಕ್ಕಿಂತ ಹೆಚ್ಚು ಹೆಸರಾಯಿತು. ಅವರ ಮನಸ್ಸಿನಲ್ಲಿ ಏನಿತ್ತೋ ಅವರಿಗೇ ಗೊತ್ತು. ಆದರೆ ಮುಂದೆ ನಡೆದದ್ದನ್ನು ನೋಡಿದರೆ ಆ ಶಾಂತಿಗೆ ಕಾರಣವಿತ್ತು ಅನ್ನಿಸುತ್ತದೆ.

ನಾಲ್ಕು ದಿನಗಳ ನಂತರ

ಆ ಗೆಲುವಿನಿಂದ ಬಟ್ಲರ್ ರ‍್ಯಾಂಕಿಂಗ್‌ನಲ್ಲಿ 9ಕ್ಕೆ ಏರಿತು. ನಾಲ್ಕೇ ದಿನಕ್ಕೆ, ಜನವರಿ 23ರಂದು, ಫಿಲಡೆಲ್ಫಿಯಾಕ್ಕೆ ಹೋಗಿ ಲಾ ಸಾಲ್ ವಿಶ್ವವಿದ್ಯಾಲಯದ ವಿರುದ್ಧ ಆಡಿತು. ಫಲಿತಾಂಶ: 54–53. ಗೆದ್ದಿದ್ದು ಲಾ ಸಾಲ್. ಅಲ್ಲಿಯೂ ಕೊನೆಯ ಸೆಕೆಂಡುಗಳ ಬುಟ್ಟಿಯೇ ಪಂದ್ಯವನ್ನು ತೀರ್ಮಾನಿಸಿತು. ಶನಿವಾರ ಒಂದು ಪಾಯಿಂಟ್‌ನಿಂದ ಗೆದ್ದವರು ಬುಧವಾರ ಒಂದು ಪಾಯಿಂಟ್‌ನಿಂದ ಸೋತರು.

ಈಗ ಸೋತ ಗೊಂಜಾಗವನ್ನು ನೋಡಿ. ಹಿಂಕಲ್ ಅಂಗಳದಲ್ಲಿ ತುತ್ತು ಬಾಯಿಗೆ ಬರುವ ಹೊತ್ತಿಗೆ ಕಳೆದುಕೊಂಡ ಆ ತಂಡ ಆಮೇಲೆ ಎರಡು ತಿಂಗಳು ಒಂದೂ ಪಂದ್ಯ ಸೋಲಲಿಲ್ಲ. ಮಾರ್ಚ್ ಮೊದಲ ವಾರದಲ್ಲಿ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ದೇಶದ ನಂಬರ್ ಒನ್ ತಂಡವಾಯಿತು.

ಆ ವರ್ಷದ ರಾಷ್ಟ್ರೀಯ ಟೂರ್ನಿಯಲ್ಲಿ ಎರಡೂ ತಂಡಗಳ ಓಟ ಒಂದೇ ದಿನ, ಮಾರ್ಚ್ 23ರಂದು, ಒಂದೇ ಹಂತದಲ್ಲಿ ಮುಗಿಯಿತು. ಬಟ್ಲರ್ 72–74ರಿಂದ ಮಾರ್ಕೆಟ್‌ಗೆ ಸೋತಿತು. ಗೊಂಜಾಗ 70–76ರಿಂದ ವಿಚಿಟಾ ಸ್ಟೇಟ್‌ಗೆ ಸೋತಿತು. ವರ್ಷದ ಕೊನೆಗೆ ಬಟ್ಲರ್ ಲೆಕ್ಕ 27 ಗೆಲುವು, 9 ಸೋಲು. ಗೊಂಜಾಗದ್ದು 32 ಗೆಲುವು, 3 ಸೋಲು.

ಜನವರಿ 19ರ ರಾತ್ರಿ ಯಾರಾದರೂ ‘ಬಟ್ಲರ್ ಗೊಂಜಾಗಕ್ಕಿಂತ ಒಳ್ಳೆಯ ತಂಡ’ ಎಂದು ಬರೆದಿದ್ದರೆ ಆ ಮಾತು ನಾಲ್ಕು ದಿನವೂ ಬಾಳುತ್ತಿರಲಿಲ್ಲ. ‘ಗೊಂಜಾಗದ ಕಥೆ ಮುಗಿಯಿತು’ ಎಂದು ಬರೆದಿದ್ದರೆ ಅದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ಒಂದು ಪಾಯಿಂಟ್‌ನ ಗೆಲುವು ಸುಳ್ಳಲ್ಲ. ಅದರಿಂದ ಸಂತೋಷ ಪಡುವುದೂ ತಪ್ಪಲ್ಲ. ಆದರೆ ಅದು ತೀರ್ಪಲ್ಲ. ತೀರ್ಪು ಬರಬೇಕಾದರೆ 36 ಪಂದ್ಯ ಬೇಕಾದವು.

ತವರಿನ ಗೆಲುವಿಗೆ 0.6 ಅಂಕ

ತವರಿನ ಗೆಲುವು ಎಂಬುದಕ್ಕೂ ಒಂದು ಲೆಕ್ಕವಿದೆ. ಪರಿಚಿತ ಅಂಗಳ, ಪರಿಚಿತ ರಿಂಗು, ನಿನ್ನೆ ಮಲಗಿದ್ದು ಸ್ವಂತ ಹಾಸಿಗೆಯಲ್ಲಿ, ಕಿವಿಗೆ ಬೀಳುವುದೆಲ್ಲ ನಮ್ಮವರ ಕೂಗು. ಇದರ ಬಲ ಎಷ್ಟೆಂದು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಗೆ ಗೊತ್ತಿತ್ತು. ರಾಷ್ಟ್ರೀಯ ಟೂರ್ನಿಗೆ ತಂಡಗಳನ್ನು ಆರಿಸಲು ಅದು ಆಗ ಬಳಸುತ್ತಿದ್ದ ‘ಆರ್‌ಪಿಐ’ ಎಂಬ ಸೂತ್ರದಲ್ಲಿ, ತಂಡದ ಗೆಲುವಿನ ಪ್ರಮಾಣವನ್ನು ಲೆಕ್ಕ ಹಾಕುವಾಗ ತವರಿನ ಗೆಲುವನ್ನು 0.6 ಎಂದು, ಹೊರಗಿನ ಗೆಲುವನ್ನು 1.4 ಎಂದು ಎಣಿಸುತ್ತಿದ್ದರು. ಸೋಲಿಗೆ ಇದೇ ಲೆಕ್ಕ ತಿರುಗುಮುರುಗು: ತವರಿನಲ್ಲಿ ಸೋತರೆ 1.4, ಹೊರಗೆ ಸೋತರೆ 0.6. 2018–19ರ ಋತುವಿನಿಂದ ಆ ಸೂತ್ರದ ಬದಲು ‘ನೆಟ್’ ಎಂಬ ಬೇರೆ ಪದ್ಧತಿ ಬಂದಿದೆ. ಅದರಲ್ಲಿಯೂ ಪಂದ್ಯ ಎಲ್ಲಿ ನಡೆಯಿತು ಎಂಬುದಕ್ಕೆ ಬೆಲೆ ಇದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಈ 0.6ರ ಲೆಕ್ಕ ಒಳ್ಳೆಯ ಪಾಠ. ನಮ್ಮ ರೂಮಿನಲ್ಲಿ, ನಮ್ಮ ಫ್ಯಾನಿನ ಕೆಳಗೆ, ನಡುವೆ ಎದ್ದು ಟೀ ಕುಡಿದು ಬರೆದ ಮಾಕ್ ಟೆಸ್ಟ್ ತವರಿನ ಪಂದ್ಯ. ಬೆಳಗಿನ ಜಾವದ ಬಸ್ಸಿನಲ್ಲಿ ಹೊರಟು, ಗೊತ್ತಿಲ್ಲದ ಊರಿನಲ್ಲಿ ಕೇಂದ್ರ ಹುಡುಕಿ, ಅಲುಗಾಡುವ ಡೆಸ್ಕಿನ ಮೇಲೆ ಓಎಂಆರ್ ಶೀಟ್ ತುಂಬುವುದು ಹೊರಗಿನ ಪಂದ್ಯ. ಮೊದಲನೆಯದರಲ್ಲಿ ಬಂದ ಅಂಕವನ್ನು ಎರಡನೆಯದರಲ್ಲಿ ಬರುವ ಅಂಕ ಎಂದು ನಂಬಿದರೆ ನಷ್ಟ ನಮ್ಮದೇ. ವಾರಕ್ಕೊಮ್ಮೆಯಾದರೂ ಲೈಬ್ರರಿಯಲ್ಲೋ ಬೇರೆ ಕಾಲೇಜಿನ ಹಾಲಿನಲ್ಲೋ, ಗಡಿಯಾರ ಇಟ್ಟುಕೊಂಡು, ಗುರುತಿಲ್ಲದವರ ಪಕ್ಕ ಕೂತು ಬರೆಯುವುದು ಒಳ್ಳೆಯದು. ಅಲ್ಲಿ ಬಂದ ಅಂಕವೇ ನಂಬಬಹುದಾದ ಅಂಕ.

ಬಾರ್ಲೋಗೆ ಸಿಕ್ಕ ಅವಕಾಶ

ಆ ಪಂದ್ಯದಲ್ಲಿ ಎಲ್ಲರೂ ನೆನಪಿಟ್ಟುಕೊಂಡಿದ್ದು ಜೋನ್ಸ್‌ನನ್ನು. ನನಗೆ ಮುಖ್ಯ ಅನ್ನಿಸುವುದು ಟ್ರಾವೆಲಿಂಗ್ ಮಾಡಿ ಚೆಂಡು ಕಳೆದುಕೊಂಡ ಬಾರ್ಲೋ.

ಬಾರ್ಲೋ ಬಟ್ಲರ್‌ಗೆ ಬಂದಿದ್ದು ‘ವಾಕ್-ಆನ್’ ಆಗಿ, ಅಂದರೆ ಕ್ರೀಡಾ ವಿದ್ಯಾರ್ಥಿವೇತನವಿಲ್ಲದೆ. ಮುಂದೆ ಕೋಚ್ ಆಗಬೇಕು, ಅದಕ್ಕೆ ಸ್ಟೀವನ್ಸ್ ಅವರ ಬಳಿ ಕಲಿಯಬೇಕು ಎಂಬ ಆಸೆ ಅವನದು. ಗೊಂಜಾಗ ಪಂದ್ಯಕ್ಕೆ ಸುಮಾರು ಐದು ವಾರ ಮೊದಲು, 2012ರ ಡಿಸೆಂಬರ್ 15ರಂದು, ಆಗ ದೇಶದ ನಂಬರ್ ಒನ್ ಆಗಿದ್ದ ಇಂಡಿಯಾನಾ ವಿಶ್ವವಿದ್ಯಾಲಯದ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಬುಟ್ಟಿ ಹಾಕಿದ್ದು ಇದೇ ಹುಡುಗ. ಬಟ್ಲರ್ 88–86ರಿಂದ ಗೆದ್ದಿತ್ತು.

ಡಿಸೆಂಬರ್‌ನಲ್ಲಿ ಹೀರೊ, ಜನವರಿಯಲ್ಲಿ ಕೊನೆಗಳಿಗೆಯಲ್ಲಿ ಚೆಂಡು ಬಿಟ್ಟುಕೊಟ್ಟವನು. ಡಿಸೆಂಬರ್ ಒಂದನ್ನೇ ನೋಡಿದವರು ಅವನನ್ನು ತಲೆಯ ಮೇಲೆ ಹೊತ್ತಿರುತ್ತಾರೆ. ಜನವರಿ ಒಂದನ್ನೇ ನೋಡಿದವರು ಮನೆಗೆ ಕಳಿಸುತ್ತಾರೆ. ಎರಡನ್ನೂ ನೋಡಿದವರಿಗೆ ಮಾತ್ರ ಅವನು ಕಾಣುತ್ತಾನೆ: ಕಷ್ಟದ ಹೊತ್ತಿನಲ್ಲಿ ಚೆಂಡು ತೆಗೆದುಕೊಳ್ಳಲು ಹೆದರದ, ಕೆಲವೊಮ್ಮೆ ಎಡವುವ ಆಟಗಾರ. ಒಂದು ಪಂದ್ಯದಲ್ಲಿ ಕಾಣುವುದು ಫಲಿತಾಂಶ, ಒಂದು ಋತುವಿನಲ್ಲಿ ಕಾಣುವುದು ಮನುಷ್ಯ.

ಕ್ಲಾರ್ಕ್ ಗಾಯಗೊಂಡಾಗ ತಂಡ ಕುಸಿಯದೆ ನಿಂತಿದ್ದಕ್ಕೂ ಇದೇ ಕಾರಣ. ನವೆಂಬರ್‌ನಿಂದ ಆಡುತ್ತಾ ಬಂದಿದ್ದರಿಂದ ಬೆಂಚಿನಲ್ಲಿದ್ದವರಿಗೂ ಆಟದ ರೂಢಿಯಿತ್ತು. ಇಂಥ ತಂಡ ‘ಈ ವರ್ಷ ಏನಾದರೂ ಮಾಡಬಹುದು’ ಎಂದು ಆಸೆ ಇಟ್ಟುಕೊಂಡರೆ ಅದಕ್ಕೊಂದು ಆಧಾರವಿದೆ.

ಬಟ್ಲರ್‌ಗೆ ಈ ಪಾಠ ಮೊದಲೇ ಗೊತ್ತಿತ್ತು. 2010ರ ಏಪ್ರಿಲ್‌ನಲ್ಲಿ ತನ್ನದೇ ನಗರದಲ್ಲಿ ನಡೆದ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಅದು ಮಿಷಿಗನ್ ಸ್ಟೇಟ್ ತಂಡವನ್ನು 52–50ರಿಂದ ಸೋಲಿಸಿತು. ಎರಡು ದಿನದ ನಂತರ ಫೈನಲ್‌ನಲ್ಲಿ ಡ್ಯೂಕ್‌ಗೆ 59–61ರಿಂದ ಸೋತಿತು. ಗಾರ್ಡನ್ ಹೇವರ್ಡ್ ಅಂಗಳದ ನಡುಗೆರೆಯ ಬಳಿಯಿಂದ ಎಸೆದ ಕೊನೆಯ ಚೆಂಡು ಬೋರ್ಡಿಗೆ ಬಡಿದು, ರಿಂಗಿಗೆ ತಾಗಿ ಹೊರಬಿತ್ತು. ಎರಡು ಪಾಯಿಂಟ್‌ನ ಗೆಲುವು, ಎರಡು ಪಾಯಿಂಟ್‌ನ ಸೋಲು, ನಡುವೆ 48 ಗಂಟೆ. ಮರುವರ್ಷ ಹೇವರ್ಡ್ ಇಲ್ಲದೆಯೂ ಬಟ್ಲರ್ ಮತ್ತೆ ಫೈನಲ್‌ಗೆ ಬಂತು. ಅಲ್ಲಿ ಕನೆಕ್ಟಿಕಟ್‌ಗೆ 41–53ರಿಂದ ಸೋತಿತು, ಕಪ್ ಗೆಲ್ಲಲಿಲ್ಲ. ಆದರೆ ಮರುವರ್ಷವೂ ಅಲ್ಲಿಗೆ ಬಂದಿದ್ದರಿಂದಲೇ ಮೊದಲ ವರ್ಷದ್ದು ಬರೀ ಅದೃಷ್ಟವಲ್ಲ ಎಂದು ಜಗತ್ತು ಒಪ್ಪಿತು.

ನಮ್ಮಲ್ಲಿ ಮೂರು ದಿನದ ವರ್ಷ

ಈಗ ನಮ್ಮ ಅಂಗಳಕ್ಕೆ ಬರೋಣ. ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಒಂದು ಕಾಲೇಜು ಆತಿಥ್ಯ ವಹಿಸುವ ಎರಡು ಮೂರು ದಿನದ ಟೂರ್ನಿ. ವಲಯದ ಕಾಲೇಜುಗಳೆಲ್ಲ ಅಲ್ಲಿಗೆ ಬರುತ್ತವೆ. ಚೀಟಿ ಎತ್ತಿ ಡ್ರಾ ಮಾಡುತ್ತಾರೆ. ಸೋತವರು ಸಂಜೆಯ ಬಸ್ಸು ಹತ್ತುತ್ತಾರೆ. ಕೊನೆಗೆ ಆಯ್ಕೆ ನಡೆದು ವಿಶ್ವವಿದ್ಯಾಲಯದ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುತ್ತದೆ. ಅಲ್ಲಿ ಆಡಿದವರಿಗೆ ‘ಬ್ಲೂ’ ಗೌರವ. ಉಳಿದವರಿಗೆ ಮುಂದಿನ ವರ್ಷ. ಅಂತಿಮ ವರ್ಷದಲ್ಲಿದ್ದವರಿಗೆ ಅದೂ ಇಲ್ಲ.

ಈ ವ್ಯವಸ್ಥೆಯಲ್ಲಿ ಒಂದು ಪಾಯಿಂಟ್‌ಗೆ ಎಷ್ಟು ಭಾರ ನೋಡಿ. ಜೂನ್‌ನಿಂದ ಬೆಳಿಗ್ಗೆ ಆರಕ್ಕೆ ಎದ್ದು ಅಭ್ಯಾಸ ಮಾಡಿದ ತಂಡ, ಮೊದಲ ಸುತ್ತಿನಲ್ಲಿ ಒಂದು ಫ್ರೀ ಥ್ರೋ ತಪ್ಪಿ ಸೋತರೆ, ಆ ವರ್ಷದ ಆಟ ನಲವತ್ತು ನಿಮಿಷಕ್ಕೆ ಮುಗಿಯಿತು. ಆತಿಥೇಯ ಕಾಲೇಜಿಗೆ ಎಲ್ಲ ಪಂದ್ಯವೂ ತವರಿನದು. ಅದರ ಸಿಮೆಂಟ್ ಅಂಗಳ ಎಲ್ಲಿ ಜಾರುತ್ತದೆ, ಯಾವ ರಿಂಗು ಸ್ವಲ್ಪ ಬಾಗಿದೆ ಎಂಬುದು ಅವರಿಗೆ ಗೊತ್ತು. ಹೊರಗಿನಿಂದ ಬಂದವರು ಬೆಂಚು ಸರಿಸಿದ ತರಗತಿಯಲ್ಲಿ ಮಲಗಿ ಎದ್ದು ಆಡಬೇಕು. ಅವರ ಗೆಲುವಿಗೆ 1.4 ಎಂದು ಲೆಕ್ಕ ಹಾಕುವವರು ಯಾರೂ ಇಲ್ಲ. ಹುಡುಗಿಯರ ವಿಭಾಗದಲ್ಲಿ ಸ್ಥಿತಿ ಇನ್ನೂ ಬಿಗಿ. ತಂಡಗಳೇ ಕಡಿಮೆ, ಒಂದೇ ಪಂದ್ಯ ಆಡಿ ವರ್ಷ ಮುಗಿಸುವವರೂ ಇದ್ದಾರೆ.

ಇದರಿಂದ ಆಗುವ ಹಾನಿ ಸೋತವರಿಗೆ ಮಾತ್ರವಲ್ಲ. ಒಂದು ಪಾಯಿಂಟ್‌ನಿಂದ ಗೆದ್ದ ತಂಡಕ್ಕೂ ತಾನು ಎಷ್ಟು ಒಳ್ಳೆಯ ತಂಡ ಎಂಬುದು ತಿಳಿಯುವುದಿಲ್ಲ. ಇದು ದೇಶದ ತಂಡಕ್ಕೂ ಅನ್ವಯಿಸುವ ಮಾತು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಏರಿದರು. ನಿಜಕ್ಕೂ ಹೆಮ್ಮೆಯ ಗೆಲುವು. ಎರಡು ವರ್ಷದ ನಂತರ ಬೆಂಗಳೂರಿನಲ್ಲಿಯೇ ‘ಎ’ ವಿಭಾಗದ ಟೂರ್ನಿ ನಡೆದಾಗ ಜಪಾನ್, ಚೀನಾ, ಕೊರಿಯಾದಂಥ ತಂಡಗಳಿದ್ದ ಎಂಟರಲ್ಲಿ ನಾವು ಎಂಟನೆಯವರಾದೆವು. ಆಟಗಾರ್ತಿಯರ ಛಲದ ಬಗ್ಗೆ ಎರಡು ಮಾತಿಲ್ಲ. ಆದರೆ ತವರಿನ ಎರಡು ಪಾಯಿಂಟ್‌ನ ಗೆಲುವು ನಮ್ಮ ಮತ್ತು ಆ ತಂಡಗಳ ನಡುವಿನ ಅಂತರವನ್ನು ಹೇಳಲಾರದು. ವರ್ಷವಿಡೀ ಕಠಿಣ ಪಂದ್ಯಗಳನ್ನು ಆಡಿದರೆ ಮಾತ್ರ ಆ ಅಂತರ ತಿಳಿಯುತ್ತದೆ, ಕಡಿಮೆಯೂ ಆಗುತ್ತದೆ. ಅಂಥ ಪಂದ್ಯಗಳು ಕಾಲೇಜಿನಿಂದಲೇ ಶುರುವಾಗಬೇಕು.

ಕಟ್‌ಆಫ್ ಗೆರೆಯ ಆಚೆ ಈಚೆ

ಆಟ ಆಡದವರಿಗೆ ಇದೆಲ್ಲ ಏಕೆ ಎನ್ನುವವರು ಕಟ್‌ಆಫ್ ಪಟ್ಟಿಯನ್ನು ನೆನಪಿಸಿಕೊಳ್ಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಗೆರೆ ದಾಟಿದವನಿಗೂ ಒಂದು ಪ್ರಶ್ನೆಗೆ ಈಚೆ ಉಳಿದವಳಿಗೂ ಓದಿನಲ್ಲಿ ಏನು ವ್ಯತ್ಯಾಸವಿರುತ್ತದೆ? ಅದೇ ಇಬ್ಬರು ಮರುದಿನ ಬೇರೆ ಪ್ರಶ್ನೆಪತ್ರಿಕೆ ಬರೆದರೆ ಸ್ಥಾನ ಅದಲುಬದಲಾಗಬಹುದು. ಶನಿವಾರದ ಬಟ್ಲರ್, ಬುಧವಾರದ ಬಟ್ಲರ್ ಇದ್ದಂತೆ.

ಗೆರೆ ಎಲ್ಲಾದರೂ ಎಳೆಯಲೇಬೇಕು, ಒಪ್ಪೋಣ. ಆದರೆ ಗೆರೆಯ ಈಚೆ ಉಳಿದವರಿಗೆ ಮುಂದಿನ ಪಂದ್ಯ ಯಾವಾಗ ಎಂಬುದು ಪ್ರಶ್ನೆ. ಕೇಂದ್ರ ಲೋಕಸೇವಾ ಆಯೋಗ ನಾಗರಿಕ ಸೇವಾ ಪರೀಕ್ಷೆಯನ್ನು ಪ್ರತಿವರ್ಷ ನಡೆಸುತ್ತದೆ. ವರ್ಷದ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ. ಕಷ್ಟದ ಪರೀಕ್ಷೆ, ಆದರೆ ದಿನಾಂಕ ಗೊತ್ತು. ನಮ್ಮ ರಾಜ್ಯದಲ್ಲಿ ಕೆಎಎಸ್ ಹುದ್ದೆಗಳಿಗೆ 2020ರ ಆರಂಭದಲ್ಲಿ ಅಧಿಸೂಚನೆ ಬಂತು, 106 ಹುದ್ದೆಗಳಿಗೆ. ಮುಂದಿನದು ಬಂದಿದ್ದು 2024ರ ಫೆಬ್ರುವರಿಯಲ್ಲಿ, 384 ಹುದ್ದೆಗಳಿಗೆ. ಅದರ ಪ್ರಿಲಿಮ್ಸ್ ಆ ವರ್ಷ ಆಗಸ್ಟ್‌ನಲ್ಲಿ ನಡೆದು, ಕನ್ನಡ ಅನುವಾದದ ದೋಷಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು.

ಮೊದಲ ಅಧಿಸೂಚನೆಯ ಹೊತ್ತಿಗೆ 24 ವರ್ಷವಾಗಿದ್ದವಳಿಗೆ ಎರಡನೆಯದು ಬರುವ ಹೊತ್ತಿಗೆ 28. ನಡುವೆ ಮನೆಯಲ್ಲಿ ಮದುವೆಯ ಮಾತು, ಕೋಚಿಂಗ್ ಊರಿನ ಪಿಜಿ ಬಾಡಿಗೆ, ‘ಇನ್ನೂ ಓದ್ತಾನೇ ಇದ್ದೀಯಾ?’ ಎಂಬ ನೆಂಟರ ಪ್ರಶ್ನೆ. ಎರಡು ಅಂಕದಿಂದ ತಪ್ಪಿದ ಅಭ್ಯರ್ಥಿಗೆ ಬೇಕಿರುವುದು ಕರುಣೆಯಲ್ಲ, ಧೈರ್ಯ ಹೇಳುವ ವಿಡಿಯೊವೂ ಅಲ್ಲ. ಬೇಕಿರುವುದು ಒಂದು ದಿನಾಂಕ. ಲಾ ಸಾಲ್‌ನಲ್ಲಿ ಸೋತ ಬಟ್ಲರ್ ಆಟಗಾರರಿಗೆ ಮುಂದಿನ ಪಂದ್ಯ ಎಂದು, ಎಲ್ಲಿ, ಯಾರ ವಿರುದ್ಧ ಎಂಬುದು ಗೊತ್ತಿತ್ತು. ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಹೋಗಲು ಅಷ್ಟು ಸಾಕು.

ದುಡ್ಡಿಲ್ಲ ಎನ್ನುವ ಮಾತು

‘ಅಮೆರಿಕದಲ್ಲಿ ಟಿವಿ ದುಡ್ಡಿದೆ, ನಮ್ಮ ಕಾಲೇಜಿನಲ್ಲಿ ನೆಟ್ ಹರಿದರೆ ಬದಲಿಸಲೂ ದುಡ್ಡಿಲ್ಲ’ ಎಂದು ಯಾರಾದರೂ ಹೇಳಬಹುದು. ನಿಜ. ಅಲ್ಲಿಯ ಪದ್ಧತಿಯೆಲ್ಲ ಚೆನ್ನ ಎಂದೂ ನಾನು ಹೇಳುತ್ತಿಲ್ಲ. ಕಾಲೇಜು ಆಟದಿಂದ ಅಪಾರ ಹಣ ಬರುತ್ತಿದ್ದರೂ ಆಡುವ ಹುಡುಗರು ತಮ್ಮ ಹೆಸರು, ಚಿತ್ರದಿಂದ ಗಳಿಸಲು ಎನ್‌ಸಿಎಎ ಬಿಟ್ಟಿದ್ದು 2021ರಲ್ಲಿ. ಅದನ್ನೆಲ್ಲ ನಾವು ನಕಲು ಮಾಡಬೇಕಿಲ್ಲ. ತೆಗೆದುಕೊಳ್ಳಬೇಕಾದ್ದು ಒಂದೇ: ವೇಳಾಪಟ್ಟಿ.

ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿಯಂಥ ಊರುಗಳಲ್ಲಿ ಸಿಟಿ ಬಸ್ಸಿನ ದೂರದಲ್ಲಿ ಅನೇಕ ಕಾಲೇಜುಗಳಿವೆ. ಎಂಟು ಕಾಲೇಜು ಒಪ್ಪಿದರೆ, ಪ್ರತಿ ತಂಡ ಉಳಿದ ಏಳರ ವಿರುದ್ಧ ಒಮ್ಮೆ ಆಡಿದರೆ ಏಳು ಶನಿವಾರ ಸಾಕು. ಒಟ್ಟು 28 ಪಂದ್ಯ. ಒಂದು ಸೆಮಿಸ್ಟರಿನಲ್ಲಿ ತವರಿನಲ್ಲಿ ಆಡಿದ ಕಡೆ ಮರುಸೆಮಿಸ್ಟರಿನಲ್ಲಿ ಹೊರಗೆ ಆಡಿದರೆ 56 ಪಂದ್ಯ, ಪ್ರತಿ ತಂಡಕ್ಕೆ 14. ತರಗತಿ ತಪ್ಪುವುದಿಲ್ಲ, ಹಾಜರಾತಿಯ ತಕರಾರಿಲ್ಲ. ವಸತಿ ಖರ್ಚಿಲ್ಲ, ಸಿಟಿ ಬಸ್ ಪಾಸ್ ಸಾಕು. ಬೇಕಿರುವುದು ಅಂಗಳ, ಎರಡು ಸರಿಯಾದ ರಿಂಗು, ಇಬ್ಬರು ರೆಫರಿ, ಸ್ಕೋರ್ ಬರೆಯುವ ಒಬ್ಬರು, ಪ್ರಥಮ ಚಿಕಿತ್ಸೆಯ ಡಬ್ಬ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಎಂಟು ಜನ ಒಂದು ಮೇಜಿನ ಸುತ್ತ ಕೂತರೆ ಒಂದು ಮಧ್ಯಾಹ್ನದಲ್ಲಿ ಪಟ್ಟಿ ಸಿದ್ಧವಾಗುತ್ತದೆ. ಹುಡುಗಿಯರ ಪಂದ್ಯವನ್ನು ಅದೇ ದಿನ, ಅದೇ ಅಂಗಳದಲ್ಲಿ, ಮೊದಲಿಗೆ ಇಡಬಹುದು.

ವಿಶ್ವವಿದ್ಯಾಲಯದ ನಾಕೌಟ್ ಟೂರ್ನಿ ಇರಲಿ. ಅಮೆರಿಕದಲ್ಲಿಯೂ ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿ ನಾಕೌಟೇ. ಸೋತರೆ ಮನೆಗೆ ಎಂಬ ಆಟದಲ್ಲಿ ಒಂದು ರೋಮಾಂಚನವಿದೆ. ಆದರೆ ಅಲ್ಲಿ ಆ ಬಾಗಿಲಿಗೆ ಬರುವ ಮೊದಲು ತಂಡಗಳು ಸುಮಾರು ಮೂವತ್ತು ಪಂದ್ಯ ಆಡಿರುತ್ತವೆ. ನಮ್ಮಲ್ಲಿ ಬಾಗಿಲೇ ಮನೆ. ನಾಕೌಟ್‌ಗೆ ಮೊದಲು ಏಳು ಪಂದ್ಯ ಆಡಿದ ತಂಡ ಒಂದು ಪಾಯಿಂಟ್‌ನಿಂದ ಸೋತರೂ ಅದರ ಕೈಯಲ್ಲಿ ಆ ವರ್ಷದ ಲೆಕ್ಕವಿರುತ್ತದೆ. ಆಯ್ಕೆ ಸಮಿತಿಯ ಮುಂದೆಯೂ ಒಂದು ದಿನದ ಆಟದ ಬದಲು ಏಳು ವಾರದ ಆಟ ಇರುತ್ತದೆ. ಶಿಫಾರಸಿನ ಮಾತಿಗೆ ಜಾಗ ಕಡಿಮೆಯಾಗುತ್ತದೆ.

ನಮ್ಮ ಕೈಯಲ್ಲಿರುವುದು

ವ್ಯವಸ್ಥೆ ಬದಲಾಗುವವರೆಗೆ ಕಾಯುವುದೂ ಒಂದು ಬಗೆಯ ಸೋಮಾರಿತನ. ನಮ್ಮ ಋತುವನ್ನು ನಾವೇ ಸ್ವಲ್ಪ ಮಟ್ಟಿಗೆ ಕಟ್ಟಿಕೊಳ್ಳಬಹುದು. ಆಡುವವರು ಪಕ್ಕದ ಕಾಲೇಜಿನ ಕ್ಯಾಪ್ಟನ್‌ಗೆ ಫೋನ್ ಮಾಡಿ ಶನಿವಾರದ ಸ್ನೇಹ ಪಂದ್ಯ ಕೇಳಬಹುದು. ಓದುವವರು ಒಂದೇ ಪರೀಕ್ಷೆಯ ಮೇಲೆ ವರ್ಷಗಳನ್ನು ನಿಲ್ಲಿಸದೆ, ಪಠ್ಯಕ್ರಮ ಹೊಂದುವ ಇತರ ಪರೀಕ್ಷೆಗಳನ್ನೂ ಬರೆಯಬಹುದು. ಕ್ಯಾಂಪಸ್ ಸಂದರ್ಶನದ ಕೊನೆಯ ಸುತ್ತಿನಲ್ಲಿ ತಪ್ಪಿದವರು ಆ ವಾರವೇ ಇನ್ನೊಂದು ಕಡೆ ಅರ್ಜಿ ಹಾಕಬಹುದು. ಗೆದ್ದಾಗಲೂ ಸೋತಾಗಲೂ ಅದೇ ಮೂರು ಪ್ರಶ್ನೆ ಕೇಳಿಕೊಳ್ಳಬಹುದು: ಎಲ್ಲಿ ಚೆಂಡು ಕೈತಪ್ಪಿತು, ಯಾವುದು ನಮ್ಮ ಶ್ರಮದಿಂದ ಬಂತು, ಯಾವುದು ಎದುರಿನವರ ತಪ್ಪಿನಿಂದ ಬಂತು? ಬಟ್ಲರ್‌ನ ಗೆಲುವಿನಲ್ಲಿ ಜೋನ್ಸ್‌ನ ಚುರುಕೂ ಇತ್ತು, ಗೊಂಜಾಗದ ಒಂದು ಕೆಟ್ಟ ಪಾಸೂ ಇತ್ತು. ಎರಡನೆಯದನ್ನು ನಂಬಿ ಬುಧವಾರ ಅಂಗಳಕ್ಕೆ ಇಳಿಯಲಾಗದು.

ಗೆದ್ದ ಎತ್ತಿನ ಬಾಲ ಹಿಡಿಯುವುದು ನಮ್ಮ ಸಮಾಜಕ್ಕೆ ಹಳೆಯ ಅಭ್ಯಾಸ. ಫಲಿತಾಂಶದ ದಿನ ಪ್ರಾಂಶುಪಾಲರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರ ಸಾಲು ಉದ್ದ. ಆ ಸಾಲಿನಿಂದ ಒಂದು ಅಂಕ ದೂರ ನಿಂತವರೂ ಅದೇ ಬೆಳಿಗ್ಗೆ ಎದ್ದವರು, ಅದೇ ಪುಸ್ತಕ ಓದಿದವರು, ಅದೇ ಅಂಗಳದಲ್ಲಿ ಬೆವರು ಸುರಿಸಿದವರು. ಅವರಿಗೆ ನಾವು ಕೊಡಬಹುದಾದ ದೊಡ್ಡ ಗೌರವವೆಂದರೆ ಮತ್ತೊಂದು ಅವಕಾಶ, ಅದೂ ದಿನಾಂಕ ಗೊತ್ತಿರುವ ಅವಕಾಶ.

ಈ ವರ್ಷ ನಿಮ್ಮ ಕಾಲೇಜು ತಂಡ ತನ್ನದೇ ಅಂಗಳದಲ್ಲಿ ಒಂದು ಪಾಯಿಂಟ್‌ನಿಂದ ಗೆದ್ದರೆ ಜೋರಾಗಿ ಸೀಟಿ ಹೊಡೆಯಿರಿ, ಕುಣಿಯಿರಿ. ಆಮೇಲೆ ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಗೆ ಹೋಗಿ ಕೇಳಿ: ‘ಸರ್, ಮುಂದಿನ ಪಂದ್ಯ ಯಾವಾಗ?’ ಸೋತರೂ ಅದನ್ನೇ ಕೇಳಿ.